ವಾಟ್ಸ್ಆ್ಯಪ್ ಕಾಲ್ ನಿಂತರೆ ಮಗನ ದನಿ ಕೇಳುವುದು ಹೇಗೆ?

ಮೆಡಿಕಲ್ ಓದಲು ರಷ್ಯಾಕ್ಕೆ ಹೋದ ಮಕ್ಕಳ ಮನೆಗಳಲ್ಲಿ ಈಗ ಹೊಸ ತಲೆಬಿಸಿ. 2025ರ ಆಗಸ್ಟ್ 13ರಂದು ಅಲ್ಲಿನ ಸರಕಾರ ವಾಟ್ಸ್ಆ್ಯಪ್, ಟೆಲಿಗ್ರಾಂ ಕರೆಗಳಿಗೆ ಕಡಿವಾಣ ಹಾಕಿತು. ವಂಚಕರನ್ನು ತಡೆಯಲು ಎಂಬುದು ಅದು ಕೊಟ್ಟ ಕಾರಣ. ಆಗ ಮೆಸೇಜಿಗೆ ತಡೆಯಿರಲಿಲ್ಲವಂತೆ. ಓದಲು ಬಾರದ ಉಮ್ಮನಿಗೆ ಮೆಸೇಜಿನಿಂದೇನು ಪ್ರಯೋಜನ?

2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಖಾರ್ಕಿವ್‌ನ ಬಂಕರುಗಳಲ್ಲಿದ್ದ ನಮ್ಮ ರಾಜ್ಯದ ಮಕ್ಕಳ ಮುಖ ಮನೆಯವರಿಗೆ ಕಂಡದ್ದು ಮೊಬೈಲಿನಲ್ಲೇ. ಅಂಥ ದಿನ ಆ್ಯಪ್ ಬಂದ್ ಆದರೆ?

ಗಲ್ಫ್ ಕಂಡ ನಮಗೆ ಇದು ಹೊಸತಲ್ಲ. ಸೌದಿ 2017ರಲ್ಲಿ ಇಂಟರ್ನೆಟ್ ಕರೆಗಳ ನಿಷೇಧ ತೆಗೆಯಿತು. ಯುಎಇಯಲ್ಲಿ ಬೋಟಿಮ್‌ನಂಥ ಪರವಾನಗಿ ಪಡೆದ ಆ್ಯಪ್‌ಗಳೇ ಗತಿ. "ವಿಪಿಎನ್ ಹಾಕಿದ್ರಾಯ್ತು" ಅನ್ನುವವರ ಮಾತು ಕೇಳಬೇಡಿ. ಅಲ್ಲಿ ಅದರ ದುರ್ಬಳಕೆಗೆ ದಂಡ 5 ಲಕ್ಷದಿಂದ 20 ಲಕ್ಷ ದಿರ್ಹಮ್. ದುಡಿದದ್ದೆಲ್ಲ ಅಲ್ಲಿಗೇ!

ಅಗ್ಗದ ದಾರಿ ಊರಿನ ಸಿಮ್‌ನಲ್ಲೇ ಇರಬಹುದು ಎಂಬುದು ನಮ್ಮ ಅನಿಸಿಕೆ. ಕೆಲವು ಕಂಪನಿಗಳ ಸಿಮ್‌ನಲ್ಲಿ ವೈಫೈ ಕಾಲಿಂಗ್ ವಿದೇಶದಲ್ಲೂ ನಡೆಯುತ್ತದೆ. ಮಗನಿಗೆ ಹಾಸ್ಟೆಲಿನ ವೈಫೈ ಸಾಕು. ಈ ಕಡೆ ಮನೆ ಉಳ್ಳಾಲದಲ್ಲಿರಲಿ, ಚಳ್ಳಕೆರೆ ತಾಲೂಕಿನ ಪರಶುರಾಂಪುರದಲ್ಲಿರಲಿ, ಕೈಯಲ್ಲಿ ಬಟನ್ ಫೋನ್ ಇದ್ದರೂ ಮಾತಾಡಬಹುದು, ನೆಟ್ ಪ್ಯಾಕ್ ಬೇಡ. ದರ ಕಂಪನಿಗೊಂದು, ದೇಶಕ್ಕೊಂದು. ವಿಮಾನ ಹತ್ತುವ ಮೊದಲೇ ಕೇಳಿ ತಿಳಿಯಿರಿ. ಸೆಟ್ಟಿಂಗ್ ಕೂಡ ಇಲ್ಲಿಯೇ ಆನ್ ಮಾಡಿಸಿ. ರೀಚಾರ್ಜ್ ತಪ್ಪಿಸಬೇಡಿ. ನಂಬರ್ ಕಟ್ ಆದರೆ ಮಗನ ಕರೆ ಮಾತ್ರವಲ್ಲ, ಫೀಸ್ ಕಟ್ಟಲು ಬೇಕಾದ ಬ್ಯಾಂಕ್ ಒಟಿಪಿಯೂ ಬರುವುದಿಲ್ಲ.