ಕೆರೆಯ ಮೂಕ ಸಾಕ್ಷಿಗಳು

ಆನೆಗೊಂದಿಯ ಸಮೀಪದ ಸಾಣಾಪುರದ ಕೆರೆಗೆ ಬರುವವರು ಗುಂಡುಬಂಡೆಗಳನ್ನು ಕಂಡು ಬೆರಗಾಗುತ್ತಾರೆ, ಹರಿಗೋಲಿನಲ್ಲಿ ಕುಳಿತು ಸುತ್ತುತ್ತಾರೆ, ನೀರಿನ ತಿಳಿಯನ್ನು ಹೊಗಳಿ ಹಿಂದಿರುಗುತ್ತಾರೆ. ತಿಳಿಯಾದ ನೀರೆಲ್ಲ ಶುದ್ಧವೆಂದು ಭಾವಿಸುವುದು ಮನುಷ್ಯನ ಹಳೆಯ ಭ್ರಮೆ. ದಡದ ಕಲ್ಲೊಂದನ್ನು ಮಗುಚಿ ಅದರ ಅಡಿಯಲ್ಲಿ ಏನಿದೆಯೆಂದು ನೋಡುವವರು ವಿರಳ. ಕೆರೆಯ ಆರೋಗ್ಯದ ಲೆಕ್ಕ ಬಹುಮಟ್ಟಿಗೆ ಅಲ್ಲಿಯೇ ಅಡಗಿದೆ.

ತುಂಗಭದ್ರೆಯ ನೀರು ಎಡದಂಡೆ ಕಾಲುವೆಯ ಮೂಲಕ ಈ ಕೆರೆಯನ್ನು ಸೇರುತ್ತದೆ. ಕಾಲುವೆಯಿಂದ ಗಂಗಾವತಿಯ ಸೀಮೆ ಭತ್ತದ ಕಣಜವಾಯಿತು. ಭತ್ತದ ಹಿಂದೆಯೇ ರಸಗೊಬ್ಬರವೂ ಕೀಟನಾಶಕವೂ ಬಂದವು. ಗದ್ದೆಗೆ ಸಿಂಪಡಿಸಿದ ವಿಷ ಮಳೆಯಲ್ಲಿ ತೊಳೆದು ಕೆರೆಯೊಂದನ್ನು ಸೇರಿತೆನ್ನೋಣ. ವಾರ ಕಳೆದು ಸೀಸೆಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಒಯ್ದರೆ ವಿಷದ ಸುಳಿವೇ ಸಿಗದಿರಬಹುದು. ಆದರೆ ಸತ್ತ ಹುಳುಗಳ ಸ್ಥಾನ ಅಷ್ಟು ಬೇಗನೆ ತುಂಬದು. ಸೀಸೆ ಒಂದು ದಿನದ ಮಾತನ್ನು ಹೇಳಿದರೆ, ವಾರಗಟ್ಟಲೆ ತಿಂಗಳುಗಟ್ಟಲೆ ನೀರಿನಲ್ಲಿಯೇ ಬೆಳೆಯುವ ಈ ಬೆನ್ನೆಲುಬಿಲ್ಲದ ಜೀವಿಗಳು ಕಳೆದ ದಿನಗಳ ಕಥೆಯನ್ನೇ ಹೇಳುತ್ತವೆ.

ಮೇಫ್ಲೈ ಎಂಬ ಕೀಟದ ಮರಿಗೆ ಹೊಟ್ಟೆಯ ಇಕ್ಕೆಲಗಳಲ್ಲಿ ಎಲೆಯಂತಹ ಕಿವಿರುಗಳಿರುತ್ತವೆ. ನೀರಿನಲ್ಲಿ ಆಮ್ಲಜನಕ ಕುಗ್ಗಿದರೆ ಅದರ ಹಲವು ಜಾತಿಗಳು ಬದುಕಲಾರವು. ಕೈರೊನೊಮಸ್ ಎಂಬ ನೊಣದ ಕೆಂಪು ಮರಿಹುಳುವಿಗೆ ಆ ಭಯ ಕಡಿಮೆ. ಮನುಷ್ಯನ ರಕ್ತದಲ್ಲಿರುವಂತೆ ಅದರಲ್ಲಿಯೂ ಹಿಮೋಗ್ಲೋಬಿನ್ ಇದೆ; ಆದುದರಿಂದ ಉಸಿರುಗಟ್ಟುವ ಕೆಸರಿನಲ್ಲಿಯೂ ಅದು ಬಾಳಬಲ್ಲದು. ಒಂದೆರಡು ಕೆಂಪು ಹುಳು ಕಂಡರೆ ಗಾಬರಿ ಬೇಡ. ಬಗೆಬಗೆಯ ಜೀವಿಗಳು ಮಾಯವಾಗಿ ಅದೊಂದೇ ಮುತ್ತಿಕೊಂಡರೆ ನೀರು ಕೆಟ್ಟಿತೆಂದು ಶಂಕಿಸಲೇಬೇಕು.

ಜರ್ಮನಿಯ ಕೋಲ್ಕ್ವಿಟ್ಸ್ ಮತ್ತು ಮಾರ್ಸನ್ 1909ರಲ್ಲಿಯೇ ಇಂತಹ ಪ್ರಾಣಿಗಳನ್ನು ಮಾಲಿನ್ಯಕ್ಕೆ ಅನುಗುಣವಾಗಿ ವರ್ಗೀಕರಿಸಿದ್ದರು. ಆದರೆ ಯೂರೋಪಿನ ಹರಿಯುವ ಹೊಳೆಗಳಿಗೆ ಮಾಡಿದ ಅಳತೆಗೋಲನ್ನು ಸಾಣಾಪುರದ ನಿಂತ ನೀರಿಗೆ ಹಾಗೆಯೇ ಹಿಡಿಯುವುದು ತರವಲ್ಲ. ಕಾಲುವೆ ನಿಂತು ನೀರು ತಗ್ಗಿದಾಗ ದಡದ ಜೀವಿಗಳು ತಾವಾಗಿಯೇ ಕಡಿಮೆಯಾಗುತ್ತವೆ. ಅದನ್ನು ಮಾಲಿನ್ಯವೆಂದು ಬಗೆಯಬಾರದು. ಹುಳುಗಳು ಎಲ್ಲವನ್ನೂ ಹೇಳುವುದೂ ಇಲ್ಲ. ಕೊಪ್ಪಳದ ಕೊಳವೆಬಾವಿಗಳನ್ನು ಕಾಡುವ ಫ್ಲೋರೈಡನ್ನಾಗಲಿ ವಾಂತಿಭೇದಿಯ ರೋಗಾಣುವನ್ನಾಗಲಿ ಪತ್ತೆಮಾಡಲು ಪ್ರಯೋಗಾಲಯವೇ ಬೇಕು.

ಹಾಗೆಂದು ಈ ಸಾಕ್ಷಿಗಳನ್ನು ಕಡೆಗಣಿಸುವುದು ಅವಿವೇಕ. ಜರಡಿ, ಬಿಳಿಯ ತಟ್ಟೆ, ಭೂತಗನ್ನಡಿ ಇಷ್ಟಿದ್ದರೆ ಉಪಾಧ್ಯಾಯರೊಡನೆ ದಡದಲ್ಲಿ ನಿಂತೇ ವಿದ್ಯಾರ್ಥಿಗಳು ಜೀವಿಗಳನ್ನು ಎಣಿಸಿ, ಗುರುತಿಸಿ, ಮರಳಿ ನೀರಿಗೆ ಬಿಡಬಹುದು. ಕೆರೆಯ ಬಳಿಯ ಪ್ರತಿಯೊಂದು ಶಾಲೆಯಲ್ಲಿಯೂ ಇದಕ್ಕೊಂದು ದಾಖಲೆ ಪುಸ್ತಕವಿರಬೇಕು. ಈ ವರ್ಷ ಕಾಲುವೆಗೆ ನೀರು ಬಿಟ್ಟ ತಿಂಗಳನ್ನು ಮುಂದಿನ ವರ್ಷದ ಅದೇ ತಿಂಗಳೊಡನೆ ಹೋಲಿಸಲು ಆಗ ಸಾಧ್ಯವಾಗುತ್ತದೆ.