ಮಂಜೇಶ್ವರದ 89 ಓಟು

ಗೆಳೆಯಾ, ಪ್ರತಿ ನವೆಂಬರ್ 1ಕ್ಕೆ ಹಳದಿ ಕೆಂಪು ಬಾವುಟ ಹಿಡಿದು 'ಕಾಸರಗೋಡು ನಮ್ಮದು' ಎಂದು ಗಂಟಲು ಹರಿಯುವಂತೆ ಕೂಗುತ್ತೀಯ. ಕೂಗು, ಬೇಡ ಎಂದವರಾರು? 2018ರಲ್ಲಿ ರಿಷಬ್ ಶೆಟ್ಟಿ ಆ ಊರಿನ ಸರ್ಕಾರಿ ಶಾಲೆಯ ಕತೆಯನ್ನು ತೆರೆಗೆ ತಂದಾಗ ಶಿಳ್ಳೆಯನ್ನೂ ಹೊಡೆದೆ. ಆದರೆ ಒಂದು ಪ್ರಶ್ನೆ ಕೇಳುತ್ತೇವೆ, ಸಿಟ್ಟಾಗಬೇಡ. ಅಲ್ಲಿನ ಕನ್ನಡಿಗ ಮತಗಟ್ಟೆಯೊಳಗೆ ಹೋಗಿ ಯಾರಿಗೆ ಓಟು ಹಾಕುತ್ತಾನೆ, ಯಾಕೆ ಹಾಕುತ್ತಾನೆ ಎಂದು ಎಂದಾದರೂ ವಿಚಾರಿಸಿದ್ದೀಯಾ?

ಒಂದು ಕಾಲದಲ್ಲಿ ಆ ಓಟು ಕನ್ನಡಕ್ಕೇ ಬೀಳುತ್ತಿತ್ತು. 1956ರ ನವೆಂಬರ್ 1ರಂದು, ನಾವಿಲ್ಲಿ ಏಕೀಕರಣದ ಸಿಹಿ ಹಂಚುತ್ತಿದ್ದ ದಿನವೇ, ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ಮರುವರ್ಷದ ಚುನಾವಣೆಯಲ್ಲಿ ಮಂಜೇಶ್ವರದಿಂದ ಪಕ್ಷೇತರ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಎದುರು ನಿಲ್ಲಲು ಒಬ್ಬನೂ ಇರಲಿಲ್ಲ! 1960ರಲ್ಲಿ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿ ಗೆದ್ದರು. 1967ರಲ್ಲಿ ಮತ್ತೆ ಅವರೇ. ಪಕ್ಕದ ಕಾಸರಗೋಡು ಕ್ಷೇತ್ರದಲ್ಲೂ ಆ ಸಲ ಕನ್ನಡದ ಹೋರಾಟಗಾರ ಯು. ಪಿ. ಕುಣಿಕುಳ್ಳಾಯರು ಗೆದ್ದರು. ಅದೇ ವರ್ಷ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ನೆಲ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ವರದಿ ಕೊಟ್ಟಿತು. ವರದಿ ದೆಹಲಿಯ ಕಪಾಟು ಸೇರಿತು. ಈಗಲೂ ಅಲ್ಲೇ ಇದೆ.

ಆಮೇಲೆ? 1970ರಲ್ಲಿ ಮಂಜೇಶ್ವರದಲ್ಲಿ ಸಿಪಿಐನ ಎಂ. ರಾಮಪ್ಪ ಗೆದ್ದರು. ಕನ್ನಡಿಗ ಭಾಷೆ ಮರೆತ ಎಂದು ಬೈಯುವ ಅವಸರ ಬೇಡ. ಆ ವರ್ಷದ ಜನವರಿ 1ರಿಂದ ಕೇರಳದ ಹೊಸ ಭೂಸುಧಾರಣೆ ಜಾರಿಗೆ ಬಂದಿತ್ತು. ಗೇಣಿದಾರನಿಗೆ ತಾನು ಉಳುವ ನೆಲವೇ ಸಿಗುವ ಕಾನೂನು ಅದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಧಣಿಯ ಗದ್ದೆ. ಇಂಥವನು ಕಪಾಟಿನ ವರದಿಗೆ ಓಟು ಹಾಕಬೇಕೇ, ಕಾಲಡಿಯ ನೆಲಕ್ಕೆ ಹಾಕಬೇಕೇ? ಭಾಷೆಯ ಓಟು ಒಡೆದದ್ದು ಇಲ್ಲಿ ಎಂಬುದು ನಮ್ಮ ಅಂದಾಜು. ಕನ್ನಡದ ಮುಖಂಡರು ಗೇಣಿದಾರನ ಕಷ್ಟವನ್ನೂ ತಮ್ಮದೆಂದುಕೊಂಡಿದ್ದರೆ ಕತೆ ಬೇರೆಯಾಗುತ್ತಿತ್ತೋ ಏನೋ.

1982ರ ತನಕ ಕಮ್ಯುನಿಸ್ಟರು ಗೆದ್ದರು. 1987ರಿಂದ ಮುಸ್ಲಿಂ ಲೀಗ್, ನಡುವೆ 2006ರಲ್ಲಿ ಒಮ್ಮೆ ಸಿಪಿಎಂ. ಲೀಗಿಗೆ ಎದುರಾಗಿ ಬಿಜೆಪಿ ಬೆಳೆಯಿತು. ಭಾಷೆಯ ಓಟು ಮೊದಲು ನೆಲದ ಓಟಾಯಿತು, ಆಮೇಲೆ ಧರ್ಮದ ಓಟಾಯಿತು. 2019ರ ಉಪಚುನಾವಣೆಯನ್ನೇ ನೋಡು. ಎಡರಂಗದಿಂದ ಶಂಕರ ರೈ, ಬಿಜೆಪಿಯಿಂದ ರವೀಶ ತಂತ್ರಿ ಕುಂಟಾರು, ಇಬ್ಬರೂ ನಮ್ಮ ತುಳು ಕನ್ನಡದವರು. ಗೆದ್ದದ್ದು ಮಾತ್ರ ಲೀಗಿನ ಎಂ. ಸಿ. ಕಮರುದ್ದೀನ್.

ಹಾಗಾದರೆ ಕನ್ನಡಿಗನ ಓಟಿಗೆ ಬೆಲೆಯಿಲ್ಲವೇ? ಅಯ್ಯಾ, ಅಲ್ಲೇ ಇರುವುದು ಗುಟ್ಟು. 2016ರಲ್ಲಿ ಲೀಗಿನ ಅಬ್ದುಲ್ ರಜಾಕ್ ಬಿಜೆಪಿಯ ಕೆ. ಸುರೇಂದ್ರನ್ ವಿರುದ್ಧ ಗೆದ್ದದ್ದು ಬರೀ 89 ಓಟಿನಿಂದ. ಅದೇ ಕಣದಲ್ಲಿ ಬಿಎಸ್‌ಪಿ ಪಡೆದದ್ದು 467! 2021ರಲ್ಲಿ ಎ. ಕೆ. ಎಂ. ಅಶ್ರಫ್ ಗೆದ್ದ ಅಂತರ 745. ಒಂದು ಕನ್ನಡ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಒಟ್ಟಾಗಿ ಒಂದು ಮಾತು ಆಡಿದರೆ ಶಾಸಕನೇ ಬದಲಾಗುವ ಲೆಕ್ಕ ಇದು. ಗೆದ್ದ ಅಶ್ರಫ್ ತಿರುವನಂತಪುರದ ಸಭೆಯಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ. ಲೀಗಿನ ಶಾಸಕ, ಕನ್ನಡದಲ್ಲಿ! ಕನ್ನಡವೆಂದರೆ ಒಂದು ಧರ್ಮದ ಸೊತ್ತು ಎಂದು ಯಾರಾದರೂ ನಿನ್ನ ಕಿವಿಯಲ್ಲಿ ಊದಿದರೆ ಇದನ್ನು ನೆನಪಿಸು.

2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವೆಂಬ ಸುಗ್ರೀವಾಜ್ಞೆ ಬಂದಾಗ ಅಲ್ಲಿನ ಕನ್ನಡಿಗರು ಬೀದಿಗಿಳಿದರು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದಾಗಲೂ ಮಕ್ಕಳು, ಹೆತ್ತವರು ಪ್ರತಿಭಟನೆಗೆ ಕೂತರು. ಬೀದಿಯಲ್ಲಿ ಒಂದಾದವರು ಮತಪೆಟ್ಟಿಗೆ ಎದುರು ಮೂರಾಗುತ್ತಾರೆ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಿಸಿ ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದನ್ನು ಓಟಿನ ಷರತ್ತಾಗಿ ಮುಂದಿಟ್ಟರೆ 89ರಲ್ಲಿ ಗೆಲ್ಲುವ, 745ರಲ್ಲಿ ಸೋಲುವ ಯಾವ ಪಕ್ಷಕ್ಕೆ ಇಲ್ಲ ಎನ್ನುವ ಧೈರ್ಯವಿದೆ?

ಇನ್ನು ನಾವು ಮಾಡಿದ್ದೇನು? 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ, 'ಕಾಸರಗೋಡು ನಮ್ಮದು' ಎನ್ನುವ ನಮ್ಮದೇ ಸರ್ಕಾರ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ತಲಪಾಡಿಯ ಆಚೆ ಸಿಕ್ಕಿಬಿದ್ದರು. ಅವರಲ್ಲಿ ಕನ್ನಡಿಗರಿರಲಿಲ್ಲವೇ? ದಾರಿ ಬಿಡಿಸಲು ಕೇರಳ ಹೈಕೋರ್ಟೇ ಆದೇಶ ಕೊಡಬೇಕಾಯಿತು. ಆಗ ನಮ್ಮ ಬಾವುಟಗಳು ಎಲ್ಲಿದ್ದವು?

ಕೇರಳದಲ್ಲಿ ಚುನಾವಣೆ ಬಂದಾಗಲೆಲ್ಲ ನಮ್ಮ ಮಂತ್ರಿ ಮಾಗಧರು, ಕಾಂಗ್ರೆಸ್ಸಿನವರೂ ಬಿಜೆಪಿಯವರೂ, ಕಾರು ಹತ್ತಿ ಮಂಜೇಶ್ವರಕ್ಕೆ ಹೋಗಿ ಕನ್ನಡದಲ್ಲೇ ಓಟು ಕೇಳುತ್ತಾರೆ. ಅವರು ನಿನ್ನ ಬಡಾವಣೆಗೆ ಬಂದಾಗ ಹಾರ ಹಾಕುವ ಮುಂಚೆ ನಿಲ್ಲಿಸು. ಮಂಜೇಶ್ವರದ ವೇದಿಕೆಯಲ್ಲಿ ಕನ್ನಡ ಮೇಷ್ಟ್ರ ಬಗ್ಗೆ ಏನು ಹೇಳಿದಿರಿ ಸ್ವಾಮಿ, ನಿಮ್ಮ ಪಕ್ಷದ ಕೇರಳ ಪ್ರಣಾಳಿಕೆಯಲ್ಲಿ ಅದು ಯಾವ ಪುಟದಲ್ಲಿದೆ, ತೋರಿಸಿ ಎಂದು ಕೇಳು.