ಗೋಡೆಯ ಗೂಡು, ಮಗುವಿನ ಗೂರಲು

ಮನೆಯ ಅಲಂಕಾರಕ್ಕೆ ಪ್ಲಾಸ್ಟಿಕ್ ಬೇಡ, ನಿಸರ್ಗದ ವಸ್ತುಗಳೇ ಇರಲಿ ಎನ್ನುವವರು ಹಲವರು. ಬಿದಿರಿನ ದೀಪದ ಬುಟ್ಟಿ, ತೆಂಗಿನ ನಾರಿನ ಚಾಪೆ, ರೇಷ್ಮೆಗೂಡಿನ ಹಾರ, ಮೂಲೆಯಲ್ಲಿ ತೂಗುವ ಗೀಜಗನ ಗೂಡು, ಕೆಲವೆಡೆ ಕಣಜ ಬಿಟ್ಟುಹೋದ ಗೂಡು ಕೂಡ. ನೋಡಲು ಚೆಂದ, ನಿಜ. ಆದರೆ ನೈಸರ್ಗಿಕವಾದುದೆಲ್ಲ ನಿರಪಾಯ ಎಂಬ ನಂಬಿಕೆ ಸರಿಯಲ್ಲ.

ಕಣಜವು ಮರದ ನಾರನ್ನು ಎಂಜಲಿನಲ್ಲಿ ಅಗಿದು ಕಾಗದದಂಥ ಗೂಡು ಕಟ್ಟುತ್ತದೆ. ಖಾಲಿ ಗೂಡಿನಲ್ಲೂ ಸತ್ತ ಮರಿಹುಳುಗಳ ಅವಶೇಷ ಉಳಿದಿರಬಹುದು. ಕತ್ತರಿಸಿ ಶುಚಿಮಾಡದ ರೇಷ್ಮೆಗೂಡಿನೊಳಗೂ ಒಣಗಿದ ಹುಳು ಇರುತ್ತದೆ. ಇದನ್ನು ತಿನ್ನಲು ಪುಟ್ಟ ದುಂಬಿಗಳು ಬರುತ್ತವೆ. ಅವುಗಳ ಮರಿಗಳ ಮೈರೋಮ ತಗುಲಿದರೆ ಕೆಲವರಿಗೆ ತುರಿಕೆ, ದದ್ದು ಏಳುತ್ತದೆ. ಹಕ್ಕಿಗೂಡಿನಲ್ಲಿ ಕಚ್ಚುವ ನುಸಿಗಳಿರಬಹುದು.

ಹೆಣೆದ ವಸ್ತುಗಳ ಸಂದಿನಲ್ಲಿ ದೂಳು ಕೂರುತ್ತದೆ. ಮಳೆಗಾಲದಲ್ಲಿ ಬಿದಿರು, ನಾರಿಗೆ ಬೂಸ್ಟು ಹಿಡಿಯುತ್ತದೆ. ಆಸ್ತಮಾ ಇರುವ ಮಗುವಿಗೆ ಇವೆರಡೂ ಉಬ್ಬಸ ತರಬಲ್ಲವು. ರಾತ್ರಿ ಮಗು ಕೆಮ್ಮುತ್ತಿದ್ದರೆ ತಣ್ಣೀರನ್ನು ದೂರುವ ಮೊದಲು ಅದರ ತಲೆಯ ಮೇಲೆ ಏನು ತೂಗುತ್ತಿದೆ, ನೋಡಿ. ದೂಳುನುಸಿಗಳ ಮುಖ್ಯ ನೆಲೆಯಾದ ಹಾಸಿಗೆ, ದಿಂಬುಗಳನ್ನೂ ಮರೆಯಬೇಡಿ.

ಹಾಗೆಂದು ಕೀಟ ಕೊಟ್ಟದ್ದೆಲ್ಲ ಕೆಟ್ಟದ್ದಲ್ಲ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗು ಕೀಟದಿಂದಲೇ ಬಂದದ್ದು. ಶುದ್ಧೀಕರಿಸಿದ ಅರಗನ್ನು ನಾವು ನುಂಗುವ ಕೆಲವು ಮಾತ್ರೆಗಳಿಗೂ ಲೇಪಿಸುತ್ತಾರೆ. ಭಯಪಡಬೇಕಾದದ್ದು ಅಗ್ಗದ ಬಣ್ಣಕ್ಕೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಸೀಸ ಮಕ್ಕಳ ಮಿದುಳಿಗೆ ಹಾನಿಕರ. ಆದ್ದರಿಂದ ಬಣ್ಣ ಯಾವುದೆಂದು ಅಂಗಡಿಯಲ್ಲಿ ಕೇಳಿ, ಆಮೇಲೆ ಕೊಳ್ಳಿ.

ಇಷ್ಟು ಮಾಡಿ:

* ಗೂಡು, ಹೆಣೆದ ಅಲಂಕಾರಗಳನ್ನು ಮಲಗುವ ಕೋಣೆಯಲ್ಲಿಡಬೇಡಿ. ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುವುದು ಒಳ್ಳೆಯದು.
* ವಾರಕ್ಕೊಮ್ಮೆ ಹೊರಗೆ ಒಯ್ದು ದೂಳು ಕೊಡವಿ, ಬಿಸಿಲಿಗಿಡಿ. ಕೊಡವುವಾಗ ಮೂಗಿಗೆ ಬಟ್ಟೆ ಇರಲಿ, ಮಕ್ಕಳು ದೂರವಿರಲಿ.
* ಬಿದಿರಿನಿಂದ ಹಿಟ್ಟಿನಂಥ ಪುಡಿ ಉದುರಿದರೆ ಹುಳು ಹಿಡಿದಿದೆ ಎಂದರ್ಥ. ಅದನ್ನು ಬೇರೆ ಇಡಿ.
* ಕಣಜದ ಗೂಡನ್ನು ನೀವೇ ಕೀಳಲು ಹೋಗಬೇಡಿ. ಕುಟುಕಿದ ಮೇಲೆ ಮೈಯೆಲ್ಲ ದದ್ದು, ಮುಖದ ಊತ, ಉಸಿರುಕಟ್ಟು ಕಂಡರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಗೋಡೆಯ ಅಂದವನ್ನು ಅತಿಥಿಗಳು ನೋಡುವುದು ಒಂದು ಗಳಿಗೆ. ಆ ಗಾಳಿಯನ್ನು ನಿಮ್ಮ ಮಗು ಉಸಿರಾಡುವುದು ದಿನವಿಡೀ.